ಕಳುವಾದ ಫಿಯಟ್, ಕದಲದ ಕ್ಲೇಮು

ಓದುಗರ ಪತ್ರ:
ಸಂಪಾದಕರೇ, ನಮ್ಮ ತಂದೆ 1967ರಲ್ಲಿ ಕೊಂಡ ಫಿಯಟ್ 1100 ಡಿಲೈಟ್ ಕಾರು ಹೋದ ವರ್ಷ ನಮ್ಮ ಮನೆ ಮುಂದಿನಿಂದ ರಾತ್ರೋರಾತ್ರಿ ಕಳುವಾಯಿತು. ಬೆಳಿಗ್ಗೆಯೇ ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿದೆ. ವಿಮಾ ಕಂಪನಿಗೆ ತಿಳಿಸಿದ್ದು ಆರನೇ ದಿನ. ಫುಲ್ ಇನ್ಶೂರೆನ್ಸ್ ಇತ್ತು. ಪಾಲಿಸಿಯಲ್ಲಿ ಐಡಿವಿ (ಗಾಡಿಗೆ ಗೊತ್ತುಮಾಡಿದ ವಿಮಾ ಮೌಲ್ಯ) ಎರಡು ಲಕ್ಷ ಎಂದಿದೆ. ಹನ್ನೊಂದು ತಿಂಗಳಾಯಿತು, ಪೊಲೀಸರು ‘ಸಿ ರಿಪೋರ್ಟ್’ (ಪತ್ತೆಯಾಗಲಿಲ್ಲ ಎಂಬ ವರದಿ) ಹಾಕಿಯೂ ಐದು ತಿಂಗಳಾಯಿತು. ಕಂಪನಿಯವರು ಮೊದಲು ಎರಡೂ ಒರಿಜಿನಲ್ ಕೀ ಕೇಳಿದರು. ಆಮೇಲೆ ಕಾರು ಕೊಂಡ ಬಿಲ್ ಕೇಳಿದರು. ಈಗ ‘ತಡವಾಗಿ ತಿಳಿಸಿದ್ದೀರಿ, ಆದರೂ ನಲವತ್ತು ಸಾವಿರ ಆಗುತ್ತೇನೋ ನೋಡೋಣ’ ಅಂತ ಫೋನಿನಲ್ಲಿ ಹೇಳುತ್ತಾರೆ. ಬರಹದಲ್ಲಿ ಏನೂ ಕೊಟ್ಟಿಲ್ಲ. ನನಗೂ ವಯಸ್ಸಾಯಿತು. ಕೊಟ್ಟಷ್ಟು ತಗೊಂಡು ಸುಮ್ಮನಾಗಲೇ? ಅಂಥದ್ದೇ ಇನ್ನೊಂದು ಫಿಯಟ್ ಮಾರಾಟಕ್ಕಿದೆಯಂತೆ. ಕೊಳ್ಳಬಹುದೇ?
– ಹೆಸರು ಬೇಡ ಎಂದ ಓದುಗರು, ಮೈಸೂರು

ಸಂಪಾದಕರ ಉತ್ತರ:

ಸುಮ್ಮನಾಗಬೇಡಿ ಸಾರ್. ಇಷ್ಟೇ ಸಾಕು ಅನ್ನುವವರು ಇಲ್ಲಿಂದಲೇ ಮುಂದಿನ ಪುಟಕ್ಕೆ ಹೋಗಬಹುದು. ಆದರೆ ಈ ವಿಷಯ ಬಂದರೆ ನನ್ನ ಉತ್ತರ ಒಂದು ಸಾಲಿಗೆ ನಿಲ್ಲುವುದಿಲ್ಲ ಅಂತ ನಮ್ಮ ಹಳೆಯ ಓದುಗರಿಗೆ ಗೊತ್ತು.

ಮೊದಲು ಕಂಪನಿಯ ಪರವಾಗಿ ಒಂದು ಮಾತು. ಹಳೇ ಕಾರನ್ನು ಬಿಚ್ಚಿಸಿ ಗುಜರಿಗೆ ಮಾರಿ, ‘ಕಳುವಾಯಿತು’ ಎಂದು ಕ್ಲೇಮು ಹಾಕುವ ಪುಣ್ಯಾತ್ಮರು ನಮ್ಮಲ್ಲಿದ್ದಾರೆ. ಅವರಿಗೆ ಹೋಗುವ ದುಡ್ಡು ನಿಮ್ಮ, ನನ್ನ ಪ್ರೀಮಿಯಮ್ಮಿನದೇ. ಹಾಗಾಗಿ ಕಂಪನಿ ವಿಚಾರಣೆ ಮಾಡಲಿ, ಮನೆಗೆ ಜನ ಕಳಿಸಲಿ, ಅಕ್ಕಪಕ್ಕದವರನ್ನು ಕೇಳಲಿ. ಅದು ಅವರ ಕೆಲಸ. ಅಲ್ಲಿಗೆ ಅವರಿಗೆ ಸಲ್ಲಬೇಕಾದ ನ್ಯಾಯ ಸಲ್ಲಿಸಿದ್ದಾಯಿತು.

ಕಂಪನಿ ‘ಕೊಡುವುದಿಲ್ಲ’ ಎಂದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಕೊಡುವುದಿಲ್ಲ ಎಂದು ಬರೆದುಕೊಟ್ಟರೆ ಕಾರಣವನ್ನೂ ಬರೆಯಬೇಕಾಗುತ್ತದೆ. ಕಾರಣ ಕೈಗೆ ಸಿಕ್ಕಿದರೆ ಅದನ್ನು ಹಿಡಿದುಕೊಂಡು ಜಗಳ ಆಡಬಹುದು. ‘ನೋಡೋಣ’ ಅಂದರೆ ಯಾರ ಮೇಲೆ ದೂರು ಕೊಡುತ್ತೀರಿ? ಯಾವ ತಾರೀಖು ಹಾಕುತ್ತೀರಿ? ಇದನ್ನು ಬಲ್ಲವರೇ ಫೋನಿನಲ್ಲಿ ಮಾತಾಡುತ್ತಾರೆ, ಕಾಗದಕ್ಕೆ ಇಳಿಯುವುದಿಲ್ಲ. ನಿಮ್ಮಂಥ ಮರ್ಯಾದಸ್ಥರು ಹನ್ನೊಂದು ತಿಂಗಳು ಕಾದು, ಕೊನೆಗೆ ‘ನಲವತ್ತು ಸಾವಿರವಾದರೂ ಬರಲಿ’ ಅನ್ನುವ ಮಟ್ಟಕ್ಕೆ ಬರುತ್ತಾರೆ. ಒಂದೂ ಆದೇಶ ಬರೆಯದೆ ಒಂದು ಲಕ್ಷ ಅರವತ್ತು ಸಾವಿರ ಉಳಿಸಿದ ಹಾಗಾಯಿತು ನೋಡಿ.

ಎರಡು ಒರಿಜಿನಲ್ ಕೀ ಕೇಳಿದರು ಅಂತ ಓದಿ ನಕ್ಕೆ. ಈಗಿನ ಕಾರಿಗೆ ಆ ಪ್ರಶ್ನೆ ಸರಿ. ಕೀಯೊಳಗೆ ಚಿಪ್ಪಿರುತ್ತದೆ, ಅದಿಲ್ಲದೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಹಾಗಾಗಿ ಎರಡನೇ ಕೀ ಎಲ್ಲಿ ಹೋಯಿತು ಎಂಬುದು ದೊಡ್ಡ ಸುಳಿವು. ಆದರೆ ಡಿಲೈಟ್? ಮುಂದಿನ ಬಾಗಿಲ ಮೂಲೆಯಲ್ಲಿ ಗಾಳಿಗೆ ತಿರುಗಿಸುವ ತ್ರಿಕೋನದ ಗ್ಲಾಸಿದೆಯಲ್ಲ, ಅದರ ಪುಟ್ಟ ಚಿಲಕ ಹಳೆಯದಾದ ಮೇಲೆ ಹೊರಗಿನಿಂದ ಒತ್ತಿದರೆ ಜಾರುತ್ತದೆ. ಕೈ ಒಳಗೆ ಹಾಕಿ ಬಾಗಿಲು ತೆಗೆಯಬಹುದು. ಬ್ಯಾಟರಿಯಿಂದ ಕಾಯಿಲ್‌ಗೆ ಒಂದು ತಂತಿ ಕೊಟ್ಟು, ಇಬ್ಬರು ತಳ್ಳಿ, ಸ್ಟಿಯರಿಂಗ್ ಪಕ್ಕದ ಹ್ಯಾಂಡಲ್ ಗೇರನ್ನು ಸೆಕೆಂಡಿಗೆ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಹೊರಟಿತು. ಇದನ್ನು ಕಳ್ಳರಿಗೆ ಕಲಿಸುತ್ತಿಲ್ಲ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದಿರುವುದು ಕೀ ಕೇಳಿದವರಿಗೆ. ಅರ್ಧ ಶತಮಾನ ದಾಟಿದ ಕಾರಿನ ಕೀ ಎಷ್ಟು ಸಲ ಸವೆದಿರುತ್ತದೆ, ಎಷ್ಟು ಸಲ ರಸ್ತೆ ಬದಿಯ ಕೀ ಅಂಗಡಿಯಲ್ಲಿ ಹೊಸದು ಮಾಡಿಸಿರುತ್ತಾರೆ! ‘ನನ್ನ ಬಳಿ ಇರುವ ಕೀಗಳು ಇವು, ಉಳಿದದ್ದು ಕಾಲದಲ್ಲಿ ಕಳೆದುಹೋಗಿದೆ’ ಎಂದು ಬರೆದು, ಸಹಿ ಹಾಕಿ ಕೊಡಿ. ಬಿಲ್ ವಿಷಯದಲ್ಲೂ ಅಷ್ಟೇ. ಮಾಲೀಕ ಯಾರು ಅಂತ ತೋರಿಸಲು ಆರ್‌ಸಿ ಸಾಕು. ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ ಬೇಡವಾಗಿದ್ದ ಬಿಲ್ಲು ಈಗ್ಯಾಕೆ?

1766ರಲ್ಲಿ ಲಂಡನ್ನಿನ ಒಂದು ಮೊಕದ್ದಮೆ ಇದೇ ಪ್ರಶ್ನೆಯದು. ವಿಮೆಯ ಕಾನೂನು ಓದುವವರೆಲ್ಲ ಇವತ್ತಿಗೂ ಅದರಿಂದಲೇ ಶುರುಮಾಡುತ್ತಾರೆ. ಸುಮಾತ್ರಾದಲ್ಲಿದ್ದ ಫೋರ್ಟ್ ಮಾರ್ಲ್‌ಬರೋ ಕೋಟೆಯ ಗವರ್ನರ್ ಕಾರ್ಟರ್, ಶತ್ರುಗಳು ಕೋಟೆ ಹಿಡಿದರೆ ನಷ್ಟ ಕಟ್ಟಿಕೊಡಬೇಕು ಎಂದು ವಿಮೆ ಮಾಡಿಸಿದ್ದ. ಫ್ರೆಂಚರು ಬಂದರು, ಕೋಟೆ ಹೋಯಿತು. ವಿಮೆ ಕೊಟ್ಟಿದ್ದ ಬೋಮ್ ಎಂಬಾತ, ‘ಕೋಟೆ ದುರ್ಬಲ ಎಂಬುದನ್ನು ಗವರ್ನರ್ ಮುಚ್ಚಿಟ್ಟ, ದುಡ್ಡು ಕೊಡೋಲ್ಲ’ ಎಂದ. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟದ್ದು ಗವರ್ನರ್ ಪರವಾಗಿ. ವಿಮೆಯಲ್ಲಿ ಪ್ರಾಮಾಣಿಕತೆ ಎರಡೂ ಕಡೆಯವರಿಗೆ ಅನ್ವಯಿಸುತ್ತದೆ, ಎಲ್ಲ ಗೊತ್ತಿದ್ದೂ ಪ್ರೀಮಿಯಂ ತಗೊಂಡು ಆಮೇಲೆ ತಕರಾರು ತೆಗೆಯುವುದು ಸಲ್ಲ ಎಂಬುದು ಅವನ ತರ್ಕ. ನಿಮ್ಮ ಕಂಪನಿಗೂ ಅದು 1967ರ ಗಾಡಿ ಎಂಬುದು ಪಾಲಿಸಿ ಬರೆದ ದಿನವೇ ಗೊತ್ತಿತ್ತಲ್ಲವೇ?

ಈಗ ಆ ನಲವತ್ತು ಸಾವಿರಕ್ಕೆ ಬರೋಣ. ಹೊಸ ಕಾರಿನ ಐಡಿವಿಗೆ ಸವಕಳಿಯ, ಅಂದರೆ ಹಳೆಯದಾದಂತೆ ಬೆಲೆ ಇಳಿಸುವ ಪಟ್ಟಿ ಇದೆ. ಆರು ತಿಂಗಳೊಳಗಿನ ಗಾಡಿಗೆ ಶೇ. 5ರಿಂದ ಶುರುವಾಗಿ, ಐದು ವರ್ಷಕ್ಕೆ ಶೇ. 50 ಆಗುತ್ತದೆ. ಐದು ವರ್ಷ ದಾಟಿದ, ತಯಾರಿಕೆಯೇ ನಿಂತುಹೋದ ಗಾಡಿಗಳಿಗೆ ಪಟ್ಟಿ ಇಲ್ಲ. ಕಂಪನಿಯೂ ಮಾಲೀಕರೂ ಒಪ್ಪಿ ಒಂದು ಮೊತ್ತ ಗೊತ್ತುಮಾಡಬೇಕು. ಅಂದರೆ ಆ ಎರಡು ಲಕ್ಷ ನೀವೊಬ್ಬರೇ ಕುಳಿತು ಬರೆದುಕೊಂಡ ಲೆಕ್ಕ ಅಲ್ಲ, ಕಂಪನಿಯೂ ಒಪ್ಪಿ, ಅದರ ಮೇಲೆ ಪ್ರೀಮಿಯಂ ಎಣಿಸಿಕೊಂಡಿದೆ. ಪಾಲಿಸಿಯ ಸಣ್ಣ ಅಕ್ಷರಗಳಲ್ಲಿ ಹುಡುಕಿ. ಗಾಡಿ ಪೂರ್ತಿ ಹೋದಾಗ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಎಂದು ಹಿಡಿಯಬೇಕು, ಮತ್ತೆ ಸವಕಳಿ ಕಳೆಯುವಂತಿಲ್ಲ ಎಂಬ ಸಾಲು ಸಿಗುತ್ತದೆ. ಅದರ ಕೆಳಗೆ ಕೆಂಪು ಗೆರೆ ಎಳೆಯಿರಿ. 2008ರಲ್ಲಿ ಧರ್ಮೇಂದ್ರ ಗೋಯಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ವಿಷಯಕ್ಕೆ ಕಂಪನಿಗೆ ಚೆನ್ನಾಗಿ ಬಿಸಿ ಮುಟ್ಟಿಸಿತ್ತು. ಒಪ್ಪಿದ ಮೊತ್ತವನ್ನು ದುಡ್ಡು ಕೊಡುವ ಹೊತ್ತಿಗೆ ಅಲ್ಲಗಳೆಯುವುದು ಸರಿಯಲ್ಲ ಅಂತ.

ತಡವಾಗಿ ತಿಳಿಸಿದಿರಿ ಎಂಬ ಮಾತು. ಇಲ್ಲಿ ನಿಮಗೆ ಸ್ವಲ್ಪ ಬೈಯಬೇಕು. ಠಾಣೆಗೆ ಹೋದವರು ಅಲ್ಲೇ ನಿಂತು ಕಂಪನಿಯ ಟೋಲ್ ಫ್ರೀ ನಂಬರಿಗೆ ಒಂದು ಫೋನ್ ಮಾಡಬಾರದಿತ್ತೇ? ಆರು ದಿನ ಏನು ಮಾಡುತ್ತಿದ್ದಿರಿ? ಗಾಡಿ ತಾನಾಗೇ ವಾಪಸ್ ಬರುತ್ತದೆ ಅಂತ ಗೇಟಿನ ಹತ್ತಿರ ಕಾಯುತ್ತಿದ್ದಿರೇನೋ, ಹಳೇ ಕಾರಿನವರ ಬುದ್ಧಿ ನನಗೆ ಗೊತ್ತು. ಬೈದದ್ದಾಯಿತು, ಈಗ ಧೈರ್ಯ ತಗೊಳ್ಳಿ. ಗುರ್ಶಿಂದರ್ ಸಿಂಗ್ ಎಂಬವರ ಟ್ರ್ಯಾಕ್ಟರ್ 2010ರಲ್ಲಿ ಕಳುವಾಯಿತು. ಅವರು ಪೊಲೀಸರಿಗೆ ಅವತ್ತೇ ದೂರು ಕೊಟ್ಟರು, ಕಂಪನಿಗೆ ತಿಳಿಸಿದ್ದು 52 ದಿನ ಬಿಟ್ಟು. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಅವರ ಪರ ತೀರ್ಪು ಕೊಟ್ಟಿತು. ಕಳವಾದಾಗ ತಕ್ಷಣ ಗೊತ್ತಾಗಬೇಕಾದ್ದು ಪೊಲೀಸರಿಗೆ, ಗಾಡಿ ಹುಡುಕುವವರು ಅವರೇ. ಎಫ್‌ಐಆರ್ ಕೂಡಲೇ ಆಗಿದ್ದು ಕಳವು ನಿಜವೇ ಆಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಕ್ಲೇಮು ತಳ್ಳಿಹಾಕುವಂತಿಲ್ಲ. ಅವರ 52 ದಿನದ ಮುಂದೆ ನಿಮ್ಮ ಆರು ದಿನ ಯಾವ ಲೆಕ್ಕ?

ಕೀ ಬಿಟ್ಟು ಹೋಗಿದ್ದಿರಿ, ಬಾಗಿಲು ಹಾಕಿರಲಿಲ್ಲ ಅಂತೆಲ್ಲ ಮುಂದೆ ಹೊಸ ರಾಗ ತೆಗೆದರೂ ಹೆದರಬೇಡಿ. ಅಂಥ ಲೋಪಗಳಲ್ಲೂ ಪೂರ್ತಿ ಕೈಬಿಡದೆ ಶೇ. 75ರಷ್ಟು ಕೊಡಿಸಿದ ತೀರ್ಪುಗಳಿವೆ. ಆದರೆ ನಿಮ್ಮ ಆರ್‌ಸಿ ಚಾಲ್ತಿಯಲ್ಲಿತ್ತೇ ಎಂಬುದನ್ನು ನೀವು ಬರೆದಿಲ್ಲ. ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕಲ್ಲ, ಅದು. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದಿದ್ದ ಕಾರು ಕಳುವಾದಾಗ 2021ರಲ್ಲಿ ಸುಪ್ರೀಂ ಕೋರ್ಟೇ ಮಾಲೀಕರ ಕೈ ಹಿಡಿಯಲಿಲ್ಲ. ಮೊದಲು ಅದನ್ನು ತೆಗೆದು ನೋಡಿ.

ತಿಪಟೂರಿನಲ್ಲಿ ನಮ್ಮ ಸೋದರಮಾವ ಒಬ್ಬರಿದ್ದರು. ಅವರ ಲ್ಯಾಂಬ್ರೆಟಾ ಸ್ಕೂಟರ್ ಸಂತೆಯಲ್ಲಿ ಕಳುವಾಯಿತು. ಕಂಪನಿ ಯಾವುದು ಅಂತ ಹೇಳುವುದು ಬೇಡ. ಮಾವ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದರು. ಯಾವತ್ತು ಹೋದೆ, ಯಾರು ಸಿಕ್ಕಿದರು, ಏನು ಅಂದರು, ಮತ್ತೆ ಯಾವತ್ತು ಬಾ ಅಂದರು, ಎಲ್ಲ ಅದರಲ್ಲಿ. ಕೆಳಗೆ ‘ಕಾಫಿ ಕೊಡಲಿಲ್ಲ’ ಅಂತಲೂ ಇರುತ್ತಿತ್ತು. ಆಫೀಸಿನಲ್ಲಿ ಒಬ್ಬರು ಹೋಗಿ ಇನ್ನೊಬ್ಬರು ಬಂದರು, ಫೈಲು ಸಿಗಲಿಲ್ಲ. ಹೊಸ ಅಧಿಕಾರಿ ಮಾವನ ನೋಟ್‌ಬುಕ್ ಇಸ್ಕೊಂಡು, ಅದನ್ನೇ ನೋಡಿ ಹೊಸ ಫೈಲು ಮಾಡಿದರು. ದುಡ್ಡು ಬಂತು. ನೋಟ್‌ಬುಕ್ ಮಾತ್ರ ವಾಪಸ್ ಬರಲಿಲ್ಲ, ಅದರ ಬಗ್ಗೆ ಮಾವ ಸಾಯುವ ತನಕ ಗೊಣಗುತ್ತಿದ್ದರು.

ಇದು ವಿಮೆಯೊಂದರ ಕಥೆಯೂ ಅಲ್ಲ. ನಮ್ಮಲ್ಲಿ ಕಳೆದುಕೊಂಡವನೇ ಕಚೇರಿ ಸುತ್ತಬೇಕು. ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆ ಅಂತ ರುಜುವಾತು ಕೊಡಬೇಕು. ರೈತ ಬೆಳೆ ಹೋಯಿತು ಅಂತ ಫೋಟೋ ಹಿಡಿದು ನಿಲ್ಲಬೇಕು. ಹೀಗಾಗಬಾರದು ಅಂತ ನೂರು ವರ್ಷದ ಹಿಂದೆಯೇ ಯೋಚಿಸಿದವರು ನಮ್ಮ ಮೈಸೂರು ಸಂಸ್ಥಾನದಲ್ಲಿದ್ದರು. ಜೆ.ಎಸ್. ಚಕ್ರವರ್ತಿಯವರು 1920ರಲ್ಲಿ ಮಳೆ ವಿಮೆಯ ಯೋಜನೆ ಬರೆದರು. ಒಬ್ಬೊಬ್ಬರ ಹೊಲಕ್ಕೂ ಹೋಗಿ ನಷ್ಟ ಅಳೆಯುವ ಗೋಜೇ ಇಲ್ಲ. ಮಳೆ ಇಷ್ಟಕ್ಕಿಂತ ಕಮ್ಮಿ ಬಿದ್ದರೆ ಆ ಸೀಮೆಯವರಿಗೆಲ್ಲ ದುಡ್ಡು. ಯಾರೂ ಯಾರನ್ನೂ ಅನುಮಾನಿಸಬೇಕಾಗಿಲ್ಲ. ಅವರ ಕಾಲದಲ್ಲಿ ಅದು ಜಾರಿಗೆ ಬರಲಿಲ್ಲ. ಈಗ ಅದೇ ಬಗೆಯ ಹವಾಮಾನ ಆಧಾರಿತ ವಿಮೆ ಮಲೆನಾಡಿನ ಅಡಿಕೆ, ಕಾಳುಮೆಣಸಿಗೆ ಇದೆ. ಅಲ್ಲೂ ಮಳೆ ಮಾಪಕ ಕೆಟ್ಟಿತ್ತು ಅಂತ ಶಿರಸಿ ಕಡೆಯವರು ತಕರಾರು ಮಾಡುತ್ತಿರುತ್ತಾರೆ. ಇರಲಿ, ಎಲ್ಲೋ ಹೋದೆ.

ನಿಮ್ಮ ಕೆಲಸ ಇಷ್ಟು. ಕಂಪನಿಯ ದೂರು ಪರಿಹಾರ ಅಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲೂ ಇಮೇಲಿನಲ್ಲೂ ಒಂದು ಪತ್ರ ಕಳಿಸಿ. ‘ಪೂರ್ತಿ ಐಡಿವಿ ಕೊಡಿ, ಇಲ್ಲವೇ ಯಾಕೆ ಕೊಡುವುದಿಲ್ಲ ಅಂತ ಬರೆದುಕೊಡಿ’ ಎಂದು ಕೇಳಿ. ವಿಮಾ ಕಂಪನಿಗಳ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಪತ್ರದಲ್ಲಿ ಹೆಸರಿಸಿ. ನಷ್ಟ ಅಂದಾಜು ಮಾಡುವ ಸರ್ವೇಯರ್ ವರದಿ ಸಿಕ್ಕಿದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು, ದಾಖಲೆ ಇಲ್ಲ ಅಂತ ಕ್ಲೇಮು ತಿರಸ್ಕರಿಸಬಾರದು ಎಂದು ಅದರಲ್ಲಿದೆ. ತಡವಾದದ್ದಕ್ಕೆ ಬಡ್ಡಿಯನ್ನೂ ಕೇಳಿ, ಸಂಕೋಚ ಬೇಡ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ) ಕಚೇರಿಗೆ ದೂರು ಕೊಡಿ. ಶುಲ್ಕ ಇಲ್ಲ, ವಕೀಲರೂ ಬೇಡ. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಅವರ ಆದೇಶವನ್ನು 30 ದಿನದಲ್ಲಿ ಪಾಲಿಸದ ಕಂಪನಿ ದಿನಕ್ಕೆ 5,000 ರೂಪಾಯಿ ದಂಡ ಕಟ್ಟಬೇಕು. ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ, ಅದಕ್ಕೆ ಎರಡು ವರ್ಷದ ಗಡುವು. ಆದರೆ ಎರಡೂ ಕಡೆ ಒಟ್ಟಿಗೆ ಹೋಗುವಂತಿಲ್ಲ. ನಾನಾದರೆ ಮೊದಲು ಜೆ.ಪಿ. ನಗರದ ಬಸ್ಸು ಹತ್ತುತ್ತೇನೆ. ಈ ನಡುವೆ ನಲವತ್ತು ಸಾವಿರದ ಚೆಕ್ಕಿನ ಜೊತೆ ‘ಪೂರ್ಣ ಮತ್ತು ಅಂತಿಮ’ ಎಂಬ ಕಾಗದ ಬಂದರೆ ಸಹಿ ಹಾಕಿಬಿಡಬೇಡಿ.

ಇನ್ನೊಂದು ಫಿಯಟ್ ಕೊಳ್ಳಬಹುದೇ ಅಂದಿರಿ. ಕೊಳ್ಳಿ! ಇದನ್ನೂ ಕೇಳಬೇಕೇ? ಚಾಸಿ ನಂಬರನ್ನು ಆರ್‌ಸಿಯ ಜೊತೆ ತಾಳೆ ನೋಡಿ, ನಿಮ್ಮದೇ ಗಾಡಿ ಬಣ್ಣ ಬದಲಿಸಿಕೊಂಡು ಬಂದಿದ್ದರೂ ಬಂದಿರಬಹುದು. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ ‘ವಿಎ’ ಸರಣಿಯ ವಿಂಟೇಜ್ ನಂಬರ್ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಆದರೆ ಆ ನಂಬರ್ ಹಾಕಿದರೆ ದಿನನಿತ್ಯ ಓಡಿಸುವಂತಿಲ್ಲ, ರ‍್ಯಾಲಿ ಪ್ರದರ್ಶನದಂಥವಕ್ಕೆ ಮಾತ್ರ. ಸೋಮವಾರ ಸೋಮವಾರ ನಂಜನಗೂಡಿಗೆ ಹೋಗುವ ಆಸೆ ಇದ್ದರೆ ಮಾಮೂಲಿ ಆರ್‌ಸಿ ನವೀಕರಣವೇ ವಾಸಿ. ಪಾಲಿಸಿ ಮಾಡಿಸುವಾಗ ಬರೀ ಥರ್ಡ್ ಪಾರ್ಟಿ ಬೇಡ, ಕಳುವಾದರೆ ಅದರಲ್ಲಿ ಒಂದು ಕಾಸೂ ಬರುವುದಿಲ್ಲ. ಗಾಡಿಯ ನಾಲ್ಕೂ ಕಡೆಯ ಫೋಟೋ, ರಿಪೇರಿ ಬಿಲ್ಲು, ಇರುವ ಕೀಗಳ ಲೆಕ್ಕ ಎಲ್ಲವನ್ನೂ ಅವತ್ತೇ ಏಜೆಂಟರಿಗೆ ಇಮೇಲ್ ಮಾಡಿ. ಮತ್ತೆ ಆ ತ್ರಿಕೋನದ ಗ್ಲಾಸಿನ ಚಿಲಕಕ್ಕೆ ಹೊಸ ಸ್ಪ್ರಿಂಗ್ ಹಾಕಿಸಿ.

– ಸಂ.