ಜೂನ್ 1ಕ್ಕೆ ಕೊಪ್ಪಳ ಕೋಟೆ ಹತ್ತುವವರಿಗೆ

ಸಿಂಧನೂರಿನ ಗೆಳೆಯರೇ, ನೀವು ಕೇಳಿದ್ದು ಇಷ್ಟು: ಇಬ್ಬರು ಮಕ್ಕಳು ಮತ್ತು ಅಪ್ಪನನ್ನು ಕರೆದುಕೊಂಡು ಜೂನ್ 1ರಂದು ಕೊಪ್ಪಳ ಕೋಟೆಗೆ ಹೋಗಬೇಕು, 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯರು ಮಡಿದ ದಿನ ಅದು, ಆ ಬಿಸಿಲಲ್ಲಿ ಆಗುತ್ತಾ, ಮೇಲೆ ನೋಡೋಕೆ ಏನಿದೆ? ಅದಕ್ಕೆ ಒಬ್ಬರು "ಬರೀ ಕಲ್ಲು, ಅರ್ಧ ಗಂಟೆ ಸಾಕು" ಅಂತ ಉತ್ತರ ಕೊಟ್ಟಿದ್ದಾರೆ. ಓದಿ ಬೇಜಾರಾಯಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಹೋಗಿ, ಅದೇ ದಿನ ಹೋಗಿ. ಆದರೆ ಹೊತ್ತು ಹುಟ್ಟುವಾಗ ಬೆಟ್ಟದ ಬುಡದಲ್ಲಿರಬೇಕು. ನಮ್ಮ ಕಡೆ ಬಂಡೆ ಗೊತ್ತಲ್ವಾ, ಹಿಂದಿನ ದಿನದ ಕಾವೇ ಬೆಳಗಿನ ತನಕ ಪೂರ್ತಿ ಆರಿರುವುದಿಲ್ಲ. ಮೂರು ವರ್ಷದ ಹಿಂದೆ ಮೇ ತಿಂಗಳಲ್ಲಿ ನಾವು ಒಂಬತ್ತೂವರೆಗೆ ಹತ್ತೋಕೆ ಶುರು ಮಾಡಿದ್ದೆವು. ಅರ್ಧ ದಾರಿಯಲ್ಲಿ ಅಣ್ಣನಿಗೆ ತಲೆ ಸುತ್ತಿತು. ಗೋಡೆ ಪಕ್ಕ ಗೇಣಗಲ ನೆರಳು, ಅಲ್ಲಿ ಕೂರಿಸಿ, ಟವೆಲ್ ನೆನೆಸಿ ತಲೆಗೆ ಹಾಕಿ, ಹೇಗೋ ಇಳಿಸಿಕೊಂಡು ಬಂದೆವು. ತಪ್ಪು ನಮ್ಮದೇ. ನೀವು ಗಂಗಾವತಿ ಮೇಲೆ ಬರುವುದಾದರೆ ಹಿಂದಿನ ರಾತ್ರಿಯೇ ಕೊಪ್ಪಳ ಸೇರಿಬಿಡಿ. ಮಕ್ಕಳನ್ನು ರಾತ್ರಿ ಮೂರಕ್ಕೆ ಎಬ್ಬಿಸಿ ಕರೆತಂದರೆ ಮೆಟ್ಟಿಲ ಮೇಲೇ ನಿದ್ದೆ ಮಾಡುತ್ತವೆ.

ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕು. ಮೇಲೆ ಸಿಗುತ್ತೆ ಅಂತ ನಂಬಿ ಹೋಗಬೇಡಿ. ಬಂಡೆಯ ದೊಣೆಗಳಲ್ಲಿ ನೀರು ಕಂಡರೂ ಅದು ಹಸಿರುಗಟ್ಟಿದ ನೀರು. ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿ. ತಿಂಡಿಯ ಪ್ಲಾಸ್ಟಿಕ್ ಚೀಲ ಕೈಯಲ್ಲಿ ಹಿಡಿದರೆ ಕೋತಿಗಳು ಬಿಡಲ್ಲ, ಬ್ಯಾಗಿನೊಳಗೆ ಇರಲಿ. ಹೆಜ್ಜೇನು ಕಂಡರೆ ಸುಮ್ನೆ ದಾಟಿ ಹೋಗಿ, ಮಕ್ಕಳು ಕೂಗಾಡದಂತೆ ಮೊದಲೇ ಹೇಳಿ. ಮುಂಗಾರಿನ ಮೊದಲ ಮಳೆ ರಾತ್ರಿ ಬಿದ್ದಿದ್ದರೆ ಒಂದು ದಿನ ತಡೆಯಿರಿ. ನೆಂದ ಬಂಡೆ ಬಿಸಿಲಿಗಿಂತ ಅಪಾಯ. ಅಪ್ಪನಿಗೆ ಮಂಡಿ ನೋವಿದ್ದರೆ ತುದಿ ತನಕ ಎಳೆಯಬೇಡಿ. ಬಾಗಿಲ ನೆರಳಲ್ಲಿ ಕುಳಿತರೂ ಗೋಡೆಗಳೆಲ್ಲ ಕಾಣುತ್ತವೆ.

ಈಗ ಮುಖ್ಯವಾದದ್ದು. ಬರೀ ಪ್ರತಿಮೆ, ಫಲಕ ಹುಡುಕಿಕೊಂಡು ಹೋಗಬೇಡಿ. ಆ ದಿನ ನೋಡಬೇಕಾದದ್ದು ಕೋಟೆಯನ್ನೇ. ಸುತ್ತಲಿನ ಬಯಲಿನಿಂದ ಸುಮಾರು 400 ಅಡಿ ಎದ್ದು ನಿಂತ ಒಂಟಿ ಬಂಡೆ ಅದು. 1786ರಲ್ಲಿ ಟಿಪ್ಪು ಇದನ್ನು ಒಬ್ಬ ಪಾಳೆಯಗಾರನಿಂದ ಪಡೆದು, ಫ್ರೆಂಚ್ ಎಂಜಿನಿಯರುಗಳ ಕೈಲಿ ಗಟ್ಟಿ ಮಾಡಿಸಿದ. 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ, ಹೈದರಾಬಾದ್ ನಿಜಾಮನ ಸೇನೆ ಎರಡೂ ಸೇರಿ ಮುತ್ತಿಗೆ ಹಾಕಿದಾಗ ತಿಂಗಳುಗಟ್ಟಲೆ ಬಗ್ಗಲಿಲ್ಲ. ಆ ಕಾಲದ ಜಾನ್ ಮಾಲ್ಕಂ ಎಂಬ ಬ್ರಿಟಿಷ್ ಅಧಿಕಾರಿ, ತಾನು ಭಾರತದಲ್ಲಿ ಕಂಡ ಜಾಗಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ ಎಂದು ಬರೆದಿದ್ದಾನೆ.

ಇಂಥ ಕೋಟೆಗೆ 1858ರ ಮೇ ಕೊನೆಯಲ್ಲಿ ಭೀಮರಾಯರು ಬಂದರು. ಕಂಪನಿ ಸರ್ಕಾರ ಜನರ ಆಯುಧ ಕಿತ್ತುಕೊಳ್ಳುತ್ತಿದ್ದ ಕಾಲ. ಹಮ್ಮಿಗಿಯ ಕೆಂಚನಗೌಡರ ಜೊತೆ ಸೇರಿ ಬಂಡೆದ್ದರು, ಡಂಬಳದ ಖಜಾನೆ ಒಡೆದರು, ಆಮೇಲೆ ಈ ಕೋಟೆ ಹಿಡಿದರು. ಮಕ್ಕಳಿಗೆ ಒಂದು ಮಾತು ಬಿಡಿಸಿ ಹೇಳಿ: ಮುಂಡರಗಿ, ಹಮ್ಮಿಗಿ ಆಗ ಕಂಪನಿಯ ಧಾರವಾಡ ಜಿಲ್ಲೆಯಲ್ಲಿದ್ದವು, ಕೊಪ್ಪಳ ನಿಜಾಮನ ಸೀಮೆ. ಅಂದರೆ ಗಡಿ ದಾಟಿ ಬಂದು ಹಿಡಿದ ಕೋಟೆ ಇದು. ಅದೇ ವಾರ ನರಗುಂದದಲ್ಲಿ ಅಲ್ಲಿನ ಅರಸ ಬಾಬಾಸಾಹೇಬರೂ ತಿರುಗಿ ಬಿದ್ದಿದ್ದರು. ಜೂನ್ 1ಕ್ಕೆ ಬ್ರಿಟಿಷ್ ಸೇನೆ ಕೊಪ್ಪಳದ ಮೇಲೆ ಬಿತ್ತು. ಭೀಮರಾಯರು, ಕೆಂಚನಗೌಡರು ಇಬ್ಬರೂ ಇಲ್ಲೇ ಹೋರಾಡುತ್ತಾ ಸತ್ತರು. ಬಾಬಾಸಾಹೇಬರನ್ನು ಜೂನ್ 12ಕ್ಕೆ ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು.

ಟಿಪ್ಪುವಿನ ಕಾಲದಲ್ಲಿ ತಿಂಗಳುಗಟ್ಟಲೆ ನಿಂತ ಕೋಟೆ ಭೀಮರಾಯರ ಕೈಯಲ್ಲಿ ಕೆಲವೇ ದಿನಕ್ಕೆ ಬಿದ್ದದ್ದು ಯಾಕೆ? ಓದಿದರೆ ನನಗೆ ತಿಳಿಯುತ್ತಿರಲಿಲ್ಲ, ಹತ್ತಿದ ಮೇಲೆ ತಿಳಿಯಿತು. ಕಲ್ಲು ಎಷ್ಟೇ ಗಟ್ಟಿಯಿರಲಿ, ಅಷ್ಟುದ್ದದ ಗೋಡೆಗೆ ಮೊಳಕ್ಕೊಬ್ಬ ಆಳು ಬೇಕು. ಕಾಳು ತುಂಬಿಸಿಡಬೇಕು. ಬೇಸಿಗೆಯ ಕೊನೆಗೆ ದೊಣೆಯಲ್ಲಿ ನೀರಿರಬೇಕು. ಇವರಿಗೆ ಸಿಕ್ಕಿದ್ದು ಬೆರಳೆಣಿಕೆಯ ದಿನ. ನಮ್ಮ ಪಕ್ಕದಲ್ಲೇ ಒಬ್ಬರಿಗೆ ತಲೆ ಸುತ್ತಿದ ದಿನ ಇದೇ ಬಿಸಿಲು ಅವರ ನೆತ್ತಿ ಮೇಲೂ ಇತ್ತು ಅನ್ನುವುದು ಮೊದಲ ಸಲ ಅರಿವಾಯಿತು.

ಹೋದ ವರ್ಷ ಮಗಳ ಜೊತೆ ಹೋಗಿದ್ದೆ. ಒಂದು ಬಂಡೆಯ ಅಂಚಿನಲ್ಲಿ ಸಾಲಾಗಿ ಕೊರೆದ ಗುಳಿಗಳಿದ್ದವು, ಒಂದೊಂದೂ ಎರಡು ಬೆರಳಗಲ. ಕಲ್ಲು ಸೀಳಲು ಉಳಿ ಇಳಿಸಿದ ಗುರುತು. ಒಂಬತ್ತು ಗುಳಿ ಆದ ಮೇಲೆ ಸಾಲು ಅಲ್ಲೇ ನಿಂತಿದೆ, ಬಂಡೆ ಸೀಳಿಲ್ಲ. ಅವಳು ಬೆರಳಿಟ್ಟು ಎಣಿಸಿ, "ಇದನ್ನ ಯಾಕೆ ಅರ್ಧಕ್ಕೇ ಬಿಟ್ರು ಅಪ್ಪಾ" ಅಂದಳು. ಉತ್ತರ ನನ್ನ ಹತ್ತಿರ ಇರಲಿಲ್ಲ. ಇಂಥದ್ದು ನೋಡೋಕೆ ಅರ್ಧ ಗಂಟೆ ಸಾಲಲ್ಲ, ಮೂರು ತಾಸು ಇಟ್ಟುಕೊಳ್ಳಿ. ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ದಯವಿಟ್ಟು ತಡೆಯಿರಿ, ಸುಮ್ಮನೆ ನೋಡಿಕೊಂಡು ಬರಬೇಡಿ.

ಒಂಬತ್ತರೊಳಗೆ ಇಳಿದುಬಿಡಿ. ಊರಲ್ಲಿ ಬಿಸಿ ಮಿರ್ಚಿ, ಒಗ್ಗರಣೆ ಮಂಡಕ್ಕಿ ತಿಂದು, ಮಕ್ಕಳಿಗೆ ಇನ್ನೂ ಹುರುಪಿದ್ದರೆ ಗವಿಮಠದ ಅಶೋಕನ ಶಾಸನ ತೋರಿಸಿ. ಪಾಲ್ಕಿಗುಂಡಿನಲ್ಲಿರುವ ಇನ್ನೊಂದು ಅಶೋಕನ ಶಾಸನವನ್ನು ಚಳಿಗಾಲಕ್ಕೆ ಇಡಿ, ಅದಕ್ಕೆ ಮತ್ತೆ ಬಂಡೆ ಹತ್ತಬೇಕು.

ಮೇ 31ರ ರಾತ್ರಿ ಕೊಪ್ಪಳ ಸೇರಿದ ಕೂಡಲೇ ಇಲ್ಲಿ ಒಂದು ಮೆಸೇಜ್ ಹಾಕಿ. ಬೆಳಿಗ್ಗೆ ಐದೂವರೆಗೆ ನಾನು ಬುಡದಲ್ಲಿ ಇರುತ್ತೇನೆ.