ಜುಲೈನಲ್ಲಿ ನಾಲ್ಕು ದಿನ ಕೋಪನ್‌ಹೇಗನ್: ಡಿಸೈನ್ ನೋಡಲು ಹೋಗುವವರು ಹೇಗೆ ಪ್ಲಾನ್ ಮಾಡಬೇಕು?

ನಿಮ್ಮ ಪ್ರಶ್ನೆ ಹೀಗಿದೆ: ಬೆಂಗಳೂರಿನಿಂದ ಗಂಡ ಹೆಂಡತಿ, ಇಬ್ಬರೂ ಸಸ್ಯಾಹಾರಿಗಳು, ಜುಲೈನಲ್ಲಿ ನಾಲ್ಕು ದಿನ ಕೋಪನ್‌ಹೇಗನ್. ಕುರ್ಚಿ, ಕಟ್ಟಡ, ಹಳೇ ಊರು ನೋಡಬೇಕು, ಶಾಪಿಂಗ್ ಮುಖ್ಯವಲ್ಲ.

ಹೋಟೆಲ್ ಹುಡುಕುವ ಮೊದಲು ವಾರದ ದಿನಗಳನ್ನು ನೋಡಿಕೊಳ್ಳಿ. ಈ ಊರಿನಲ್ಲಿ ಪ್ಲಾನ್ ಕೆಡಿಸುವುದು ಸೋಮವಾರ. ಡಿಸೈನ್ ಮ್ಯೂಸಿಯಂ, ಆಧುನಿಕ ಕಲೆಯ ಮ್ಯೂಸಿಯಂ ಲೂಯಿಸಿಯಾನಾ, ಡೇವಿಡ್ ಸಂಗ್ರಹಾಲಯ, ಮೂರಕ್ಕೂ ಅವತ್ತು ಬೀಗ. ಶನಿವಾರ ಇಳಿದು ಮಂಗಳವಾರ ಹೊರಡುವ ವಿಮಾನ ಅಗ್ಗಕ್ಕೆ ಸಿಕ್ಕರೂ ನಿಮ್ಮಂಥವರಿಗೆ ಅದು ನಷ್ಟದ ಬಾಬ್ತು. ಬುಧವಾರ ಸಂಜೆ ಇಳಿದು ಭಾನುವಾರ ರಾತ್ರಿ ಹೊರಡಿ.

ಎರಡನೆಯದು, ಜುಲೈನಲ್ಲಿ ಯಾವ ವಾರ ಎಂಬುದು. ಡೆನ್ಮಾರ್ಕಿನವರು ವಾರಗಳನ್ನು ನಂಬರಿನಲ್ಲಿ ಎಣಿಸುತ್ತಾರೆ. 28ರಿಂದ 30ನೇ ವಾರದವರೆಗೆ, ಅಂದರೆ ಹೆಚ್ಚುಕಡಿಮೆ ಜುಲೈ ಎರಡನೇ ವಾರದಿಂದ ತಿಂಗಳ ಕೊನೆಯವರೆಗೆ, ಅಲ್ಲಿ ಸಾಂಪ್ರದಾಯಿಕ ಬೇಸಿಗೆ ರಜೆ. ಮ್ಯೂಸಿಯಂಗಳಿಗೆ ಇದರ ಬಿಸಿ ತಟ್ಟುವುದಿಲ್ಲ. ಆದರೆ ಸಣ್ಣ ಪಿಂಗಾಣಿ ಸ್ಟುಡಿಯೊ, ಮರಗೆಲಸದ ವರ್ಕ್‌ಶಾಪ್, ಮನೆಯವರೇ ನಡೆಸುವ ಹೋಟೆಲುಗಳ ಬಾಗಿಲಲ್ಲಿ 'ರಜೆ' ಎಂಬ ಚೀಟಿ ನೇತಾಡುತ್ತಿರುತ್ತದೆ. ಅಂಥವು ನೋಡಬೇಕಿದ್ದರೆ ಆಗಸ್ಟ್ ಎರಡನೇ ವಾರದ ನಂತರ ಹೋಗುವುದು ಮೇಲು. ಜೂನ್‌ನಲ್ಲಿ '3 ಡೇಸ್ ಆಫ್ ಡಿಸೈನ್' ನಡೆಯುತ್ತದೆ. ಊರಿನ ಶೋರೂಮುಗಳೆಲ್ಲ ಬಾಗಿಲು ತೆರೆದು ಕೂರುತ್ತವೆ, ಜೊತೆಗೆ ಹೋಟೆಲ್ ದರವೂ ಏರುತ್ತದೆ. ಡಿಸೈನ್ ನಿಮ್ಮ ಕಸುಬೇ ಆಗಿದ್ದರೆ ಮಾತ್ರ ಆ ಖರ್ಚು ಸಾರ್ಥಕ.

ವೀಸಾ ವಿಷಯ ಚುಟುಕಾಗಿ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಕೊಡಬಹುದು, ಕನಿಷ್ಠ 15 ದಿನ ಮೊದಲಾದರೂ ಕೊಟ್ಟಿರಬೇಕು. ಬೇಸಿಗೆಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಸಿ. ದೊಡ್ಡವರಿಗೆ ಶುಲ್ಕ 90 ಯೂರೊ, ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ಫ್ರಾಂಕ್‌ಫರ್ಟ್ ಮೂಲಕ ಹೋದರೂ ಅರ್ಜಿ ಕೊಡಬೇಕಾದ್ದು ಡೆನ್ಮಾರ್ಕಿಗೇ, ಏಕೆಂದರೆ ನಿಮ್ಮ ರಾತ್ರಿಗಳೆಲ್ಲ ಅಲ್ಲಿ. ಆದರೆ ಪಾಸ್‌ಪೋರ್ಟ್ ತಪಾಸಣೆ ಫ್ರಾಂಕ್‌ಫರ್ಟ್‌ನಲ್ಲೇ ಆಗುತ್ತದೆ. ಅಲ್ಲಿ ವಿಮಾನ ಬದಲಿಸಲು ಒಂದೇ ಗಂಟೆ ಇರುವ ಟಿಕೆಟ್ ತೆಗೆದುಕೊಳ್ಳಬೇಡಿ.

ಡೆನ್ಮಾರ್ಕ್‌ನಲ್ಲಿ ಯೂರೊ ಅಲ್ಲ, ಕ್ರೋನ. ಫಾರೆಕ್ಸ್ ಕಾರ್ಡಿಗೆ ಯೂರೊ ತುಂಬಿಸಿಕೊಂಡು ಹೋದರೆ ಪ್ರತಿ ಸಲ ಉಜ್ಜಿದಾಗಲೂ ಕರೆನ್ಸಿ ಬದಲಾವಣೆಯ ಶುಲ್ಕ ಬೀಳಬಹುದು, ಬ್ಯಾಂಕಿನವರನ್ನು ಮೊದಲೇ ಕೇಳಿ. ಅಂಗಡಿಯ ಮೆಷಿನ್ 'ರೂಪಾಯಿಯೋ ಕ್ರೋನವೋ' ಎಂದು ಕೇಳಿದರೆ ಕ್ರೋನವನ್ನೇ ಒತ್ತಿ.

ಇನ್ನು ಕೋಪನ್‌ಹೇಗನ್ ಕಾರ್ಡ್. 'ಡಿಸ್ಕವರ್' ಹೆಸರಿನದ್ದನ್ನು ತೆಗೆದುಕೊಂಡರೆ ಮೆಟ್ರೊ, ರೈಲು, ಬಸ್ಸು, ಹಳದಿ ಹಾರ್ಬರ್ ದೋಣಿ ಎಲ್ಲ ಸೇರುತ್ತವೆ. ರೋಸೆನ್‌ಬೋರ್ಗ್ ಅರಮನೆ, ಡಿಸೈನ್ ಮ್ಯೂಸಿಯಂ, ಲೂಯಿಸಿಯಾನಾ, ಟಿವೊಲಿ ಮನರಂಜನಾ ಪಾರ್ಕಿನ ಪ್ರವೇಶ, ಕಾಲುವೆ ದೋಣಿಯಾನವೂ ಸೇರುತ್ತವೆ. (ಟಿವೊಲಿಯ ಆಟಗಳಿಗೆ ಬೇರೆ ದುಡ್ಡು.) ಇದು ದಿನದ ಲೆಕ್ಕದ್ದಲ್ಲ, ಗಂಟೆಯ ಲೆಕ್ಕದ್ದು. ಬುಧವಾರ ಸಂಜೆ ವಿಮಾನ ನಿಲ್ದಾಣದಲ್ಲೇ ಆನ್ ಮಾಡಿದರೆ ಒಂದು ರಾತ್ರಿ ಸುಮ್ಮನೆ ಹೋಯಿತು. ಅವತ್ತು ಮೂರು ವಲಯದ ಬಿಡಿ ಟಿಕೆಟ್ ತೆಗೆದುಕೊಳ್ಳಿ, ಎಂ2 ಮೆಟ್ರೊ ಕಾಲು ಗಂಟೆಯೊಳಗೆ ಊರ ನಡುವಿನ ನೋರೆಪೋರ್ಟ್ ನಿಲ್ದಾಣ ಮುಟ್ಟಿಸುತ್ತದೆ. 72 ಗಂಟೆಯ ಕಾರ್ಡನ್ನು ಗುರುವಾರ ಮಧ್ಯಾಹ್ನ 12ಕ್ಕೆ ಶುರುಮಾಡಿ, ಭಾನುವಾರ ಮಧ್ಯಾಹ್ನದವರೆಗೂ ಬರುತ್ತದೆ. ಅಗ್ಗದ 'ಸಿಟಿ ಪಾಸ್ ಸ್ಮಾಲ್' 1ರಿಂದ 4ನೇ ವಲಯಕ್ಕೆ ಮಾತ್ರ. ಅದನ್ನು ಹಿಡಿದು ಲೂಯಿಸಿಯಾನಾಕ್ಕೆ ಹೊರಟು ದಂಡ ಕಟ್ಟುವ ಸಾಧ್ಯತೆ ಇದೆ.

ವಸತಿ ನೋರೆಪೋರ್ಟ್ ಸುತ್ತ ದುಬಾರಿ. 2019ರಲ್ಲಿ ಶುರುವಾದ ಎಂ3 ವರ್ತುಲ ಮೆಟ್ರೊದ 17 ನಿಲ್ದಾಣಗಳಲ್ಲಿ ಯಾವುದರ ಹತ್ತಿರವಿದ್ದರೂ ನಡೆಯುತ್ತದೆ, ಮೆಟ್ರೊ ರಾತ್ರಿಯಿಡೀ ಓಡುತ್ತದೆ. ಬಹಳಷ್ಟು ಹೋಟೆಲುಗಳಲ್ಲಿ ಎ.ಸಿ. ಇಲ್ಲ. ಅದಕ್ಕಿಂತ ತೊಂದರೆ ಬೆಳಕಿನದು: ಜುಲೈ ಮೊದಲಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಹುಟ್ಟಿ ಹತ್ತರ ಹೊತ್ತಿಗೆ ಮುಳುಗುತ್ತಾನೆ. ದಪ್ಪ ಪರದೆ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಕಣ್ಣಿಗೆ ಕಟ್ಟುವ ಪಟ್ಟಿ ಒಯ್ಯಿರಿ. ಹಗಲಿನ ತಾಪಮಾನ 20–22 ಡಿಗ್ರಿ, ಮಳೆ ಯಾವಾಗ ಬೇಕಾದರೂ. ಗಾಳಿಗೆ ಕೊಡೆ ತಿರುಚಿಕೊಳ್ಳುತ್ತದೆ, ತಲೆಗವಸಿನ ಜಾಕೆಟ್ಟೇ ಸರಿ.

ಗುರುವಾರ ಹಳೇ ಊರು. ಬೆಳಗ್ಗೆ ರುಂಡೆತೋರ್ನ್, 1642ರಲ್ಲಿ ಮುಗಿದ ದುಂಡು ಗೋಪುರ. ಒಳಗೆ ಮೆಟ್ಟಿಲುಗಳ ಬದಲು 209 ಮೀಟರ್ ಉದ್ದದ ಇಟ್ಟಿಗೆ ಹಾಸಿದ ಇಳಿಜಾರು, ಏಳೂವರೆ ಸುತ್ತು. ಟಿಕೆಟ್ ದುಬಾರಿಯಲ್ಲ, ಕಾರ್ಡ್ ಶುರುಮಾಡುವ ಮುಂಚೆಯೇ ಮುಗಿಸಿ. ಇಳಿದ ಮೇಲೆ ಸುತ್ತಲಿನ ಬೀದಿಗಳ ಮೂಲೆ ಮನೆಗಳನ್ನು ಗಮನಿಸಿ: ಗೋಡೆ ಚೂಪಾಗಿ ಸೇರದೆ, ಮೂಲೆ ಓರೆಯಾಗಿ ಕತ್ತರಿಸಿದಂತಿರುತ್ತದೆ. 1795ರ ಬೆಂಕಿಯಲ್ಲಿ ಊರು ಸುಟ್ಟ ಮೇಲೆ ಬಂದ ನಿಯಮ ಅದು, ಉದ್ದ ಏಣಿ ಹೊತ್ತ ಅಗ್ನಿಶಾಮಕ ಗಾಡಿ ತಿರುಗಲು ಜಾಗ ಬೇಕಿತ್ತು. ನನ್ನ ಮಟ್ಟಿಗೆ ಕೋಪನ್‌ಹೇಗನ್‌ನ ವಿನ್ಯಾಸದ ಮೊದಲ ಪಾಠ ಮ್ಯೂಸಿಯಂಗಿಂತ ಈ ಮೂಲೆಗಳಲ್ಲೇ ಇದೆ.

ಮಧ್ಯಾಹ್ನ ರೋಸೆನ್‌ಬೋರ್ಗ್. ಸಮಯ ನಿಗದಿ ಮಾಡಿದ ಟಿಕೆಟ್, ಕಾರ್ಡ್ ಇದ್ದರೂ ಮೊದಲೇ ಸ್ಲಾಟ್ ನೋಡಿಕೊಳ್ಳಿ. ಪಕ್ಕದ ರಾಜೋದ್ಯಾನ ದಾಟಿದರೆ ಡೇವಿಡ್ ಸಂಗ್ರಹಾಲಯ, ಪ್ರವೇಶ ಉಚಿತ. ಇಸ್ಲಾಮೀ ಕಲೆಯ ಸಂಗ್ರಹ, ಮೊಘಲರ ಮತ್ತು ದಖನ್ನಿನ ಸುಲ್ತಾನರ ಕಾಲದ ಚಿತ್ರಗಳೂ ಅದರಲ್ಲಿವೆ. ವಿಜಯಪುರದ ಗೋಲಗುಮ್ಮಟ ನೋಡಿದವರಿಗೆ ಇದು ದೂರದ ವಿಷಯವಲ್ಲ.

ಅಲ್ಲಿಂದ ಕಾಲ್ನಡಿಗೆಯಲ್ಲೇ ಡಿಸೈನ್ ಮ್ಯೂಸಿಯಂ. ಕಟ್ಟಡ 18ನೇ ಶತಮಾನದ ಆಸ್ಪತ್ರೆ, 1926ರಿಂದ ಮ್ಯೂಸಿಯಂ. ಕುರ್ಚಿಗಳ ಸುರಂಗದಲ್ಲಿ ಒಂದೊಂದೂ ಗೂಡಿನಲ್ಲಿ ಕೂತಿರುತ್ತದೆ. ನೂರಾರನ್ನು ನೋಡುತ್ತ ನಡೆದರೆ ಯಾವುದೂ ನೆನಪಿರುವುದಿಲ್ಲ, ಎರಡೋ ಮೂರೋ ಆರಿಸಿ. ಹಾನ್ಸ್ ವೇಗ್ನರ್‌ನ ವಿಶ್‌ಬೋನ್ ಕುರ್ಚಿಯ ಮುಂದೆ ಬಗ್ಗಿ, ಸೀಟಿನ ಹೆಣಿಗೆ ನೋಡಿ: ಕಾಗದವನ್ನು ಹುರಿಮಾಡಿದ ದಾರ, ಒಂದು ಸೀಟಿಗೆ ಸುಮಾರು 120 ಮೀಟರ್, ಕೈಯಲ್ಲೇ ಹೆಣೆಯುವುದು. ನಾಲ್ಕು ಮೂಲೆಗಳಿಂದ ಬಂದ ಎಳೆಗಳು ನಡುವೆ ಕೂಡುವ ಗೆರೆ ನೆಟ್ಟಗಿದೆಯೇ ನೋಡಿ. ಅಗ್ಗದ ನಕಲುಗಳು ಸಿಕ್ಕಿಬೀಳುವ ಜಾಗಗಳಲ್ಲಿ ಅದೂ ಒಂದು.

ಶುಕ್ರವಾರ ಸೈಕಲ್ ಬಾಡಿಗೆಗೆ ತೆಗೆದು ನೋರೆಬ್ರೊ ಬಡಾವಣೆಯ ಕಡೆಗೆ. ಭಾರತದವರು ಎಡವುವುದು ಇಲ್ಲೇ. ಅನೇಕ ಬಾಡಿಗೆ ಸೈಕಲ್‌ಗಳಲ್ಲಿ ಹಿಂದಿನ ಬ್ರೇಕ್ ಪೆಡಲ್‌ನಲ್ಲಿರುತ್ತದೆ; ರೂಢಿಯಂತೆ ಪೆಡಲ್ ಹಿಂದಕ್ಕೆ ತಿರುಗಿಸಿದರೆ ಚಕ್ರ ಗಕ್ಕನೆ ನಿಲ್ಲುತ್ತದೆ, ಹಿಂದೆ ಬರುತ್ತಿದ್ದವರು ಬಂದು ಗುದ್ದುತ್ತಾರೆ. ಖಾಲಿ ಜಾಗದಲ್ಲಿ ಹತ್ತು ನಿಮಿಷ ಓಡಿಸಿ ಅಭ್ಯಾಸ ಮಾಡಿಕೊಳ್ಳಿ. ಬಲಬದಿಯಲ್ಲಿ ಚಲಿಸಿ, ನಿಲ್ಲುವ ಮೊದಲು ಅಂಗೈ ಮೇಲೆತ್ತಿ. ಎಡಕ್ಕೆ ನೇರವಾಗಿ ತಿರುಗುವಂತಿಲ್ಲ: ಅಡ್ಡರಸ್ತೆ ದಾಟಿ ಆಚೆ ಬಲ ಮೂಲೆಯಲ್ಲಿ ನಿಂತು, ಸೈಕಲ್ ತಿರುಗಿಸಿ, ಹಸಿರು ದೀಪ ಬಂದಾಗ ಹೊರಡಬೇಕು. ಬೆಳಗಿನ ಎಂಟರ ಸುಮಾರಿಗೆ ಮುಖ್ಯ ರಸ್ತೆಗೆ ಇಳಿಯಬೇಡಿ, ಆಗ ಟ್ರ್ಯಾಕ್ ಆಫೀಸಿಗೆ ಹೋಗುವವರದು, ಅವರಿಗೆ ತಾಳ್ಮೆ ಕಡಿಮೆ. ಸೈಕಲ್ಲನ್ನು ಎಸ್-ರೈಲಿನಲ್ಲಿ (ಊರು, ಉಪನಗರಗಳ ಲೋಕಲ್ ರೈಲು) ಉಚಿತವಾಗಿ ಹತ್ತಿಸಬಹುದು, ಆದರೆ ದಟ್ಟಣೆಯ ಹೊತ್ತಲ್ಲಿ ನೋರೆಪೋರ್ಟ್‌ನಲ್ಲಿ ಸೈಕಲ್ ಸಮೇತ ಹತ್ತುವಂತಿಲ್ಲ, ಇಳಿಯುವಂತಿಲ್ಲ.

ದಾರಿಯಲ್ಲಿ 2012ರ ಸುಪರ್‌ಕೀಲೆನ್ ಪಾರ್ಕ್ ನೋಡಿ ಉತ್ತರಕ್ಕೆ ಹೋದರೆ ಬಿಸ್ಪೆಬ್ಯೆರ್ಗ್‌ನ ಗ್ರುಂಟ್‌ವಿ ಚರ್ಚ್. ಒಂದೇ ಕಟ್ಟಡ ನೋಡಲು ಸಮಯವಿದೆ ಎಂದರೆ ನಾನು ಇದನ್ನೇ ಹೇಳುತ್ತೇನೆ. ಪಿ.ವಿ. ಯೆನ್ಸೆನ್-ಕ್ಲಿಂಟ್ 1921ರಲ್ಲಿ ಶುರುಮಾಡಿದ್ದು, ಅವರು ತೀರಿಕೊಂಡ ಮೇಲೆ ಮಗ ಕೋರೆ ಕ್ಲಿಂಟ್ 1940ರಲ್ಲಿ ಮುಗಿಸಿದರು. ಲಕ್ಷಾಂತರ ಹಳದಿ ಇಟ್ಟಿಗೆ, ಗಿಲಾವು ಇಲ್ಲ, ಬಣ್ಣವಿಲ್ಲ. 22 ಮೀಟರ್ ಎತ್ತರದ ಕಮಾನೂ ಅದೇ ಇಟ್ಟಿಗೆ. ಕಂಬದ ಬುಡದಲ್ಲಿ ನಿಂತು ಒಂದು ಸಾಲನ್ನು ಕಣ್ಣಲ್ಲೇ ಹಿಂಬಾಲಿಸಿ, ಎಲ್ಲಿ ಕಂಬ ಮುಗಿದು ಕಮಾನು ಶುರುವಾಯಿತೆಂದು ಗೊತ್ತಾಗುವುದಿಲ್ಲ. ಒಳಗಿನ ಕುರ್ಚಿಗಳೂ ಮಗನವೇ, ಬೆನ್ನ ಹಿಂದೆ ಹಾಡಿನ ಪುಸ್ತಕ ಇಡಲು ಜಾಗವಿದೆ. ಮ್ಯೂಸಿಯಂನಲ್ಲಿ ಕುರ್ಚಿ ಮುಟ್ಟಲು ಬಿಡುವುದಿಲ್ಲ, ಇಲ್ಲಿ ಕೂತೇ ನೋಡಬಹುದು. ಸುತ್ತಲಿನ ಮನೆಗಳೂ ಅದೇ ಇಟ್ಟಿಗೆಯವು. ಸಂಜೆಗೆ ಇಡಬೇಡಿ, ಬೇಗ ಮುಚ್ಚುತ್ತಾರೆ.

ಹತ್ತಿರದ ಎಂಡ್ರುಪ್‌ನಿಂದ ಎಸ್-ರೈಲಿನಲ್ಲಿ ಊರಿಗೆ ಬಂದು, ಸೈಕಲ್ ಬಿಟ್ಟು, ಹೆಲ್ಸಿಂಗೋರ್ ಕಡೆಯ ರೈಲು ಹಿಡಿಯಿರಿ. ಹುಮ್ಲೆಬೆಕ್‌ನಲ್ಲಿಳಿದು ಹತ್ತು ನಿಮಿಷ ನಡೆದರೆ ಲೂಯಿಸಿಯಾನಾ. ಮಂಗಳವಾರದಿಂದ ಶುಕ್ರವಾರದವರೆಗೆ ರಾತ್ರಿ ಹತ್ತರವರೆಗೂ ತೆರೆದಿರುತ್ತದೆ, ಶನಿವಾರ ಭಾನುವಾರ ಆರಕ್ಕೇ ಮುಚ್ಚುತ್ತದೆ. ನಾಲ್ಕಕ್ಕೆ ಹೋದರೂ ಅವಸರವಿಲ್ಲ. ಬೇಸಿಗೆಯ ಉದ್ದ ಸಂಜೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: ಸಮುದ್ರಕ್ಕೆ ಇಳಿಯುವ ಹುಲ್ಲುಹಾಸು, ಆಚೆ ಸ್ವೀಡನ್ ದಂಡೆ.

ಶನಿವಾರ ಬಂದರು. ಕಪ್ಪು ಗ್ರಾನೈಟಿನ ರಾಯಲ್ ಲೈಬ್ರರಿ, ಕ್ರಿಸ್ಟಿಯಾನ್ಸ್‌ಹಾವ್ನ್‌ನ ವೋರ್ ಫ್ರೆಲ್ಸರ್ಸ್ ಚರ್ಚಿನ ಸುರುಳಿ ಶಿಖರ (400 ಮೆಟ್ಟಿಲು, ಕೊನೆಯ 150 ಹೊರಗಿನಿಂದ, ಮಳೆಗಾಳಿಗೆ ಮುಚ್ಚುತ್ತಾರೆ). 2024ರ ಏಪ್ರಿಲ್‌ನಲ್ಲಿ ಸುಟ್ಟ ಹಳೇ ಷೇರುಪೇಟೆ ಕಟ್ಟಡ ಬ್ಯೊರ್ಸೆನ್‌ನ ಮರುನಿರ್ಮಾಣ ಹೊರಗಿನಿಂದಷ್ಟೇ. ಸಂಜೆ ಟಿವೊಲಿ. ಲಿಟಲ್ ಮರ್ಮೇಡ್ 1.25 ಮೀಟರ್ ಎತ್ತರದ ಮೂರ್ತಿ, ಹಾರ್ಬರ್ ದೋಣಿಯಿಂದಲೇ ಕಂಡರೆ ಸಾಕು, ಅದಕ್ಕೆಂದು ಮೈಲಿ ನಡೆಯಬೇಡಿ.

ಭಾನುವಾರ ಬೆಳಗ್ಗೆ ಎಸ್-ರೈಲಿನ ಕ್ಲಾಂಪೆನ್‌ಬೋರ್ಗ್ ನಿಲ್ದಾಣ. ವಾಸ್ತುಶಿಲ್ಪಿ ಆರ್ನೆ ಯಾಕೋಬ್ಸೆನ್ 1930ರ ದಶಕದಲ್ಲಿ ಮಾಡಿದ ಬೆಲ್ಲೆವ್ಯೂ ಬೀಚ್, ನೀಲಿ ಪಟ್ಟೆಯ ಕಾವಲು ಗೋಪುರಗಳು, ಎದುರಿನ ಬಿಳಿ ಮನೆಗಳು. ಬಾಲ್ಕನಿಗಳನ್ನು ಹಿಂದುಮುಂದು ಜೋಡಿಸಿದ್ದರಿಂದ ಪ್ರತಿ ಮನೆಗೂ ಸಮುದ್ರ ಕಾಣುತ್ತದೆ. ಈಜುವವರು ಟವೆಲ್ ಒಯ್ಯಿರಿ.

ಊಟ: ಮೆನುವಿನಲ್ಲಿ 'ವೆಗೆಟಾರ್' ಎಂದಿದ್ದರೂ ಮೊಟ್ಟೆ ಇರಬಹುದು. ಮೀನು ನಡೆಯುತ್ತದೆ ಎಂದುಕೊಳ್ಳುವವರೂ ಇದ್ದಾರೆ, ಬಾಯಿಬಿಟ್ಟು ಹೇಳಿ. ರೈ ಬ್ರೆಡ್ಡಿನ ಮೇಲೆ ಬೇಯಿಸಿದ ಆಲೂಗಡ್ಡೆ ಜೋಡಿಸಿದ 'ಕಾರ್ಟೊಫೆಲ್‌ಮ್ಯಾಡ್' ಸುರಕ್ಷಿತ ಎಂದು ಅನೇಕರು ಹೇಳುತ್ತಾರೆ, ಆದರೆ ಅದರಲ್ಲಿ ಮಯೊನೇಸ್ ಇರುತ್ತದೆ, ಕೆಲವೆಡೆ ಮೇಲೆ ಬೇಕನ್ ಉದುರಿಸುತ್ತಾರೆ. ಅಗ್ಗಕ್ಕೆ ಹೊಟ್ಟೆ ತುಂಬುವುದು ನೋರೆಬ್ರೊದ ಫಲಾಫೆಲ್ ಅಂಗಡಿಗಳಲ್ಲಿ. ಮಧ್ಯಾಹ್ನಕ್ಕೆ ನೋರೆಪೋರ್ಟ್ ಪಕ್ಕದ ಟೋರ್ವೆಹ್ಯಾಲರ್ನೆ ಆಹಾರ ಮಾರುಕಟ್ಟೆ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಕೊಂಡರೆ 1ರಿಂದ 3 ಕ್ರೋನದವರೆಗೆ ಠೇವಣಿ ಸೇರಿರುತ್ತದೆ, ಸೂಪರ್‌ಮಾರ್ಕೆಟ್ಟಿನ ಮೆಷಿನ್‌ಗೆ ಹಾಕಿದರೆ ವಾಪಸ್.

ಏನಾದರೂ ಕೊಳ್ಳುವುದೇ ಆದರೆ ಹಳೇ ಸಾಮಾನಿನ ರಾವ್ನ್ಸ್‌ಬೋರ್ಗೇಡ್ ಬೀದಿ. ರಾಯಲ್ ಕೋಪನ್‌ಹೇಗನ್ ಪಿಂಗಾಣಿ ಸಿಕ್ಕರೆ ತಳಭಾಗ ತಿರುಗಿಸಿ ಮೂರು ಅಲೆಗಳ ಗುರುತು ನೋಡಿ. ಅದರ ಮೇಲೆ ಅಡ್ಡ ಗೀರು ಇದ್ದರೆ ಎರಡನೇ ದರ್ಜೆಯದು, ಬೆಲೆಯನ್ನೂ ಹಾಗೆಯೇ ಕೇಳಿ. ಹೊಸ ಸಾಮಾನಿಗೆ ಒಂದೇ ಅಂಗಡಿಯಲ್ಲಿ 300 ಕ್ರೋನ ದಾಟಿದರೆ ತೆರಿಗೆ ವಾಪಸಿನ ಫಾರಂ ಕೇಳಿ. ಫ್ರಾಂಕ್‌ಫರ್ಟ್ ಮೂಲಕ ಮರಳುವುದಾದರೆ ಸಾಮಾನು ಚೆಕ್-ಇನ್ ಬ್ಯಾಗಿನೊಳಗೆ ಸೇರುವ ಮೊದಲು ಮುದ್ರೆ ಎಲ್ಲಿ ಹಾಕಿಸಬೇಕೆಂದು ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲೇ ವಿಚಾರಿಸಿ, ಬ್ಯಾಗು ಬೆಲ್ಟಿನ ಮೇಲೆ ಹೋದ ಮೇಲೆ ಸಾಮಾನು ತೋರಿಸಲು ಆಗುವುದಿಲ್ಲ.