ಗೊರಕೆ ನಡುವೆ ಉಸಿರು ನಿಲ್ಲುತ್ತೆ, ಲಾರಿ ಓಡಿಸಬಹುದಾ?

ಪ್ರಶ್ನೆ: ನಮ್ಮ ಮನೆಯವರು ಗಂಗಾವತಿಯಿಂದ ಬೆಂಗಳೂರಿಗೆ ಅಕ್ಕಿ ಲೋಡ್ ಒಯ್ಯುತ್ತಾರೆ. ವಯಸ್ಸು 44, ಮೈ ಜಾಸ್ತಿ, ಬಿಪಿ ಮಾತ್ರೆ ನಡೀತಿದೆ. ರಾತ್ರಿ ಜೋರು ಗೊರಕೆ, ನಡುವೆ ಒಮ್ಮೆಲೇ ಉಸಿರೇ ನಿಂತುಬಿಡುತ್ತೆ. ಹಗಲು ಕೂತಲ್ಲೇ ತೂಕಡಿಸುತ್ತಾರೆ. ಹಿರಿಯೂರು ಹತ್ತಿರ ಜೊಂಪು ಹತ್ತಿ ಗಾಡಿ ರೋಡ್ ಬಿಟ್ಟು ಇಳಿದಿತ್ತಂತೆ, ಕ್ಲೀನರ್ ಕೂಗಿದ್ದಕ್ಕೆ ಉಳಿದರು. ಆಸ್ಪತ್ರೆಗೆ ಹೋಗೋಣ ಅಂದರೆ, ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತೆ ಅಂತಾರೆ.
– ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ತಂಗಿ, ಪರೀಕ್ಷೆ ಆಗಿ ತೂಕಡಿಕೆ ಹತೋಟಿಗೆ ಬರುವವರೆಗೆ ಅವರು ಸ್ಟೇರಿಂಗ್ ಹಿಡಿಯಬಾರದು. ಹಗಲೂ ಬೇಡ. ಬಾಡಿಗೆ ತಪ್ಪಿದರೆ ಮನೆ ನಡೆಸುವುದು ಕಷ್ಟ ಅಂತ ಗೊತ್ತು, ಆದರೂ ಇದನ್ನೇ ಹೇಳಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಲಾರಿ 50 ಮೀಟರ್ ಮುಂದೆ ಹೋಗಿರುತ್ತೆ.

ನೀವು ಬರೆದ ಲಕ್ಷಣಗಳೆಲ್ಲ ಸ್ಲೀಪ್ ಅಪ್ನಿಯಾ ಕಡೆಗೆ ಬೊಟ್ಟು ಮಾಡುತ್ತವೆ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಕೊಳ್ಳುತ್ತೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಮೆದುಳು ಗಾಬರಿಯಾಗಿ ಅರೆ ಎಚ್ಚರ ಮಾಡಿಸುತ್ತೆ. ಉಸಿರು ಬಂತು ಅನ್ನುವಷ್ಟರಲ್ಲಿ ಮತ್ತೆ ಅದೇ ಕಥೆ. ಗಂಟೆಗೆ 30ಕ್ಕಿಂತ ಜಾಸ್ತಿ ಸಲ ಹೀಗಾದರೆ ಕಾಯಿಲೆ ತೀವ್ರ ಅಂತ ಲೆಕ್ಕ. ಎಂಟು ತಾಸು ಮಲಗಿ ಎದ್ದರೂ ಅವರಿಗೆ ನಿದ್ದೆ ಆಗಿರುವುದಿಲ್ಲ, ಬಿಪಿ ಏರುವುದಕ್ಕೂ ಇದು ಕಾರಣ ಆಗಬಹುದು. ಮಲಗಿದವರಿಗೆ ಇದು ಗೊತ್ತೇ ಆಗಲ್ಲ, ಅದಕ್ಕೇ ನಿಮ್ಮ ಸಾಕ್ಷಿ ಬೇಕು. ಉಸಿರು ನಿಲ್ಲುವಾಗ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ. ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ಡಾಕ್ಟರಿಗೋ ಶ್ವಾಸಕೋಶದ ಡಾಕ್ಟರಿಗೋ ಅದನ್ನು ತೋರಿಸಿ, ನಿದ್ದೆ ಪರೀಕ್ಷೆ ಎಲ್ಲಿ ಮಾಡಿಸಬೇಕು ಅಂತ ಅವರನ್ನೇ ಕೇಳಿ.

ಕಾಯಿಲೆ ಇದೆ ಅಂತ ಖಚಿತವಾದರೆ ಸಾಮಾನ್ಯವಾಗಿ ಕೊಡುವುದು ಸಿಪ್ಯಾಪ್ ಅನ್ನೋ ಯಂತ್ರ. ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತಡ ಕೊಡುತ್ತೆ, ಗಂಟಲು ಮುಚ್ಚದ ಹಾಗೆ ನೋಡಿಕೊಳ್ಳುತ್ತೆ. ಲಾರಿ ಬ್ಯಾಟರಿಯಲ್ಲೇ ನಡೆಯುವಂಥವೂ ಇವೆ, ಕ್ಯಾಬಿನ್‌ನಲ್ಲಿ ಮಲಗುವವರಿಗೆ ಅನುಕೂಲ. ಸರಿಯಾಗಿ ಬಳಸಿದರೆ ಎಷ್ಟೋ ಜನರ ಹಗಲಿನ ತೂಕಡಿಕೆ ಬೇಗ ಕಡಿಮೆಯಾಗುತ್ತೆ, ಡಾಕ್ಟರ್ ಒಪ್ಪಿದ ಮೇಲೆ ಮತ್ತೆ ಗಾಡಿ ಓಡಿಸಬಹುದು. ಇದನ್ನು ನಿಮ್ಮ ಮನೆಯವರಿಗೆ ಕೂರಿಸಿ ಹೇಳಿ. ತೂಕ ಇಳಿದರೂ ಅನುಕೂಲ. ಮಲಗುವ ಮುಂಚೆ ಕುಡಿಯುವ ಅಭ್ಯಾಸ ಇದ್ದರೆ ಬಿಡಿಸಿ, ಅದು ಗಂಟಲನ್ನು ಇನ್ನೂ ಸಡಿಲ ಮಾಡುತ್ತೆ. ಢಾಬಾ ಚಹಾ, ಗುಟ್ಕಾ, ಮುಖಕ್ಕೆ ನೀರು, ಇವುಗಳನ್ನು ನಂಬಿ ರಾತ್ರಿ ಕಳೆಯುವುದು ಬೇಡ.

ಪ್ರಶ್ನೆ: ನನ್ನ ಹತ್ತಿರ ಎಂಟು ಲಾರಿ ಇವೆ. ಡ್ರೈವರ್‌ಗಳಲ್ಲಿ ಯಾರಿಗೆ ಈ ತೊಂದರೆ ಇದೆ ಅಂತ ಗೊತ್ತಾಗೋದು ಹೇಗೆ? ಅಂಥವರನ್ನು ಬಿಡಿಸಬೇಕಾ?
– ಲಾರಿ ಮಾಲೀಕರು, ಸಿಂಧನೂರು

ಉತ್ತರ: ಬಿಡಿಸಬೇಡಿ ಅಣ್ಣಾ. ಒಬ್ಬನನ್ನು ಬಿಡಿಸಿದರೆ ಉಳಿದವರು ಬಾಯಿ ಬಿಡಲ್ಲ, ಅವರು ನಿಮ್ಮ ಗಾಡಿಯಲ್ಲೇ ತೂಕಡಿಸುತ್ತಾ ಹೋಗುತ್ತಾರೆ. ಜೋರು ಗೊರಕೆ, ಬಿಪಿ, ಬೆಳಿಗ್ಗೆ ತಲೆನೋವು, 17 ಇಂಚಿಗಿಂತ ದಪ್ಪ ಕುತ್ತಿಗೆ, ಇವು ಇದ್ದವರನ್ನು ಮೊದಲು ಪರೀಕ್ಷೆಗೆ ಕಳಿಸಿ. ಸಣ್ಣಗಿದ್ದವರಿಗೂ ಬರಬಹುದು, ಅದಕ್ಕೆ ಕ್ಲೀನರ್‌ಗಳನ್ನೂ ಕೇಳಿ. ಪರೀಕ್ಷೆಯ ದಿನದ ಕೂಲಿ ಮುರಿಯಬೇಡಿ. ಇನ್ನೊಂದು ಮಾತು: 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ಸಾಮಾನ್ಯವಾಗಿ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಮಾತ್ರ ಕೆಲಸ, ಐದು ತಾಸಿಗೊಮ್ಮೆ ಅರ್ಧ ತಾಸಾದರೂ ಬಿಡುವು ಅಂತಿತ್ತು; 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಆದರೂ ಆ ಲೆಕ್ಕ ಬಿಡಬೇಡಿ. ಬೆಂಗಳೂರಿನಲ್ಲಿ ಲೋಡ್ ಇಳಿಸಿದವನಿಗೆ ಅದೇ ರಾತ್ರಿ ವಾಪಸ್ ಬಾ ಅಂತ ಫೋನ್ ಮಾಡಬೇಡಿ.